ಹನ್ನೊಂದು ಗಂಟು

ಗೊರೂರಿನ ಪವರ್‌ಹೌಸಿಗೆ ಹಿರಾತಾ ಬಂದದ್ದು
ಬೇರಿಂಗ್ ನೋಡಲು. ನೋಡಲಿಲ್ಲ.
ಉದ್ದನೆ ಸ್ಕ್ರೂಡ್ರೈವರಿನ ತುದಿ ಯಂತ್ರಕ್ಕೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ ನಿಂತ,
ಹಲಸಿನಕಾಯಿ ತಟ್ಟಿ ಬಲಿತದ್ದು ಹೇಳುವ
ನಮ್ಮ ಜವರಯ್ಯನ ಹಾಗೆ.

ಟೀ ಹೊತ್ತಿಗೆ ಲಾಗ್ ಹಾಳೆಯ ಬೆನ್ನಿಗೆ
ತನ್ನೂರ ಹೊಳೆ ಬರೆದ:
ಒಂದೇ ಗೆರೆ, ಹನ್ನೊಂದು ಗಂಟು.
ಬೀಳುವುದನ್ನಷ್ಟೇ ಇಸಕೊಂಡು
ನೀರು ವಾಪಸು ಕೊಡುತ್ತಾರಂತೆ, ಗಂಟುಗಂಟಿಗೂ.

"ಮತ್ತೆ ಮೀನು ಹೆಂಗ್ ಮೇಲಕ್ಕೋಯ್ತವೆ?"
ಜವರಯ್ಯನದು.
ದುಭಾಷಿ ಹುಡುಗಿ ತಿರುಗಿಸಿ ಕೇಳಿದಳು.
ಹಿರಾತಾ ಪೆನ್ಸಿಲು ಕೆಳಗಿಟ್ಟ.

ಈಗ ವೈಶಾಖ. ತೂಬು ಮುಚ್ಚಿ ತಿಂಗಳಾಯಿತು,
ಗಂಟೆಗೊಮ್ಮೆ ಸೊನ್ನೆ ಬರೆಯುತ್ತೇನೆ.
ನಿನ್ನೆ ರಾತ್ರಿ ಪಾಳಿಯಲ್ಲಿ ಸುಮ್ಮನೆ
ಹಿಡಿಯನ್ನು ಕಿವಿಗಿಟ್ಟೆ:

ಕಬ್ಬಿಣದೊಳಗೆಲ್ಲೋ
ಒಂದು ಹನಿ, ತಡೆದು ತಡೆದು.

ಅದಕ್ಕೆ ಲಾಗಿನಲ್ಲಿ ಕಾಲಮ್ಮಿಲ್ಲ.