ಏಳನೆಯ ಬುಟ್ಟಿ

ಡುಲೂತ್ ಊರಿನ ಬೆನ್ನಿಗೊಂದು ಗುಡ್ಡ,
ಗುಡ್ಡದ ಬೆನ್ನಿಗೆ ಹದಿನೆಂಟು ಕಬ್ಬಿಣದ ಬುಟ್ಟಿ,
ಸರಪಳಿ ಇಳಿಬಿಟ್ಟುಕೊಂಡು ನಿಂತಿವೆ.
ಸೊನ್ನೆಗಿಂತ ಹದಿನೇಳು ಕೆಳಗೆ. ಭಾನುವಾರ.
ರಾತ್ರಿಪಾಳಿ ಮುಗಿಸಿ ನೇರ ಬಂದವಳು ನಾನು,
ಬೆರಳಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.
ಆರ್ವೊ ಲಾಹ್ಟಿನೆನ್ ಆಗಲೇ ಸಲಿಕೆ ಹಿಡಿದು
ಎಸೆಯುವ ಕಟ್ಟೆ ಕೆರೆಯುತ್ತಿದ್ದಾನೆ,
ಹಳೆ ಸಾಲ ತೀರಿಸುವವನ ಶ್ರದ್ಧೆಯಲ್ಲಿ.

ಎಪ್ಪತ್ತಮೂರು ಅವನಿಗೆ. ಅದಿರಿನ ಹಡಗುಕಟ್ಟೆಯಲ್ಲಿ
ನಲವತ್ತು ಚಳಿಗಾಲ ನಿಂತ ಮಂಡಿಗಳಿಗೆ
ಈಗ ಒಂದಕ್ಕೊಂದು ಆಗಿಬರುವುದಿಲ್ಲ.
ನನ್ನನ್ನು ಡಾಕ್ಟ್ರೇ ಅನ್ನುತ್ತಾನೆ.
ರಕ್ತ ತೆಗೆಯುವವಳು ಮಾರಾಯ, ಅಷ್ಟೇ, ಅಂದರೆ
"ನನ್ನ ನರ ಒಂದೇ ಚುಚ್ಚಿಗೆ ಸಿಕ್ಕಿತಲ್ಲ, ಡಾಕ್ಟ್ರೇ."

ಬಿಲ್ಲೆ ಅಂತ ಹೆಸರಿಟ್ಟವಳು ನಾನೇ.
ಆಸ್ಪತ್ರೆಯಲ್ಲಿ ಡಿಸ್ಕು ಅಂದರೆ ಬೆನ್ನುನೋವು.
ಕುಂಟೆಬಿಲ್ಲೆ ಆಡಿದ ಕೈಗೆ ಬಿಲ್ಲೆಯೇ ಸರಿ.
ಆಗ ಹೆಂಚಿನ ಚೂರು, ಗೆರೆ ಮೇಲೆ ಬಿದ್ದರೆ ಔಟು;
ಈಗ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು,
ಇದ್ದಬದ್ದ ಗೆರೆಯನ್ನೆಲ್ಲ ರಾತ್ರಿಯ ಹಿಮ ನುಂಗಿದೆ.

ಹಿಮದಲ್ಲಿ ಬಿಲ್ಲೆ ಬೀಳುವುದಿಲ್ಲ, ಒಳಗೆ ಹೋಗುತ್ತದೆ,
ಅಂಚೆಡಬ್ಬಿಗೆ ಕಾಗದ ಹಾಕಿದ ಹಾಗೆ,
ಸದ್ದಿಲ್ಲದೆ, ತೆಳ್ಳನೆಯ ಸೀಳೊಂದನ್ನು ಬಿಟ್ಟು.
ಸೀಳು ಇಲ್ಲಿ. ಬಿಲ್ಲೆ ಹತ್ತಡಿ ಆಚೆ,
ಇಲಿಯಂತೆ ಒಳಗೊಳಗೇ ಓಡಿರುತ್ತದೆ.
ಅದಕ್ಕೇ ಬಾಲ ಕಟ್ಟಬೇಕು, ಎರಡು ಮೊಳ ರಿಬ್ಬನ್ನು,
ಹೊಟ್ಟೆಗೆ ಅಂಟಿಸಿ.
ಎರಡು ಜಡೆ ಮಡಚಿ ಕೆಂಪು ಟೇಪು ಕಟ್ಟದೆ
ಪ್ರಾರ್ಥನೆಗೆ ನಿಂತರೆ ಸ್ಕೂಲಿನಲ್ಲಿ ಬೆತ್ತವಿತ್ತು.
ಇವತ್ತು ಟೇಪು ಮರೆತು ಬಂದೆ.

ಏಳನೆಯ ಬುಟ್ಟಿಯ ಬಳಿ ಸುಪೀರಿಯರ್ ಸರೋವರ ಕಾಣುತ್ತದೆ.
ಇಂಥ ಚಳಿಯಲ್ಲೂ ಹಬೆಯಾಡುತ್ತದೆ,
ಯಾರೋ ಅನ್ನಕ್ಕೆ ಎಸರಿಟ್ಟು ಮರೆತ ಹಾಗೆ.
ಗ್ಲೌಸು ಕಳಚಿ, ಬಿಸಿಪೊಟ್ಟಣದಿಂದ ಬೆರಳು ಕಿತ್ತು,
ಒಂದು ಹೆಜ್ಜೆ, ಎರಡು, ಒಂದಿಷ್ಟು ಜಾರಿ, ಬಿಟ್ಟೆ.
ಚೆನ್ನಾಗಿಯೇ ಹೋಯಿತು. ನೋಡಿ, ಅದೇ ಬೇಜಾರು.
ಇಡೀ ವರ್ಷದಲ್ಲಿ ಅಷ್ಟು ನೆಟ್ಟಗೆ ಹೋದದ್ದಿಲ್ಲ,
ಬರ್ಚ್ ಮರಗಳ ನಡುವೆ ತಲೆತಗ್ಗಿಸಿ ನುಗ್ಗಿ
ಬುಟ್ಟಿಯಿಂದ ಒಂದೇ ಮಾರು ದೂರದಲ್ಲಿ
ಮಾಯ.

ಮುಕ್ಕಾಲು ಗಂಟೆ ಹುಡುಕಿದೆವು.
ಎಲೆ ಬಾಚುವ ಕುಂಟೆ ತಂದಿದ್ದ ಆರ್ವೊ.
ಕುಂಟೆ ಇತ್ತು, ಕುಂಟುವವನೂ ಇದ್ದ,
ಬಿಲ್ಲೆ ಇಲ್ಲ.
"ಹೆಸರು ಬರೆದಿದ್ರಾ?"
ಬರೆದಿದ್ದೆ. ಫೋನ್ ನಂಬರೂ.
"ಮತ್ತಿನ್ನೇನು. ಏಪ್ರಿಲ್ಲಿನಲ್ಲಿ ಕರಗತ್ತೆ, ಯಾರೋ ಮಾಡ್ತಾರೆ."
ಆಗ ಹೇಳಲೇಬೇಕಾಯಿತು: ಹೆಸರು ಕನ್ನಡ, ಅಂಕಿಯೂ ಕನ್ನಡ.
ಕೊಂಡ ದಿನದ ಹುಮ್ಮಸ್ಸು, ಕೈಗೆ ಮಾರ್ಕರ್ ಸಿಕ್ಕಿತ್ತು.

ಹಿಮದ ಮೇಲೆ ಬೆರಳಲ್ಲಿ ಗೀಚಿ ತೋರಿಸಿದೆ,
೨, ೧, ೮, ಹೀಗೆ ಹತ್ತೂ.
ಮಂಡಿ ಹಿಡಿದು ಬಗ್ಗಿ ಬಹಳ ಹೊತ್ತು ನೋಡಿದ.
ಎಂಟನ್ನು, ಇದು ಮೀನಿನ ಗಾಳವಾ ಅಂದ.
ಕೊನೆಯ ಸೊನ್ನೆಗೆ ಬೆರಳಿಟ್ಟು, "ಇದೊಂದು ಗೊತ್ತು."

ಆಮೇಲೆ ತಾನು ಎಸೆದ. ಸರಪಳಿಗೆ ಹಿಮ ಮೆತ್ತಿತ್ತು,
ಝಣ್ ಅನ್ನಬೇಕಾದದ್ದು ದಪ್ಪ್ ಅಂದಿತು,
ಒದ್ದೆ ಚಾಪೆ ಕೊಡವಿದ ಹಾಗೆ.
ಚೀಲದಿಂದ ಹಳೆಯ ನೀಲಿ ಬಿಲ್ಲೆ ತೆಗೆದು ಕೊಟ್ಟ, ಬಾಲಸಮೇತ.
ತಿರುಗಿಸಿದೆ: ವೆಲ್ಮಾ ಅಂತಿತ್ತು.
ಯಾರೋ, ಅಂದ. ಮೂರು ವರ್ಷದ ಹಿಂದೆ ಸಿಕ್ಕಿದ್ದು.
ಕೊನೆಯ ಎರಡಂಕಿ ಅಳಿಸಿಹೋಗಿವೆ. ನೂರೇ ನಂಬರು ತಾನೇ,
ಪುರುಸೊತ್ತಾದಾಗ ಒಂದೊಂದು ಮಾಡುತ್ತೇನೆ.
ಮೂವತ್ತೊಂದರವರೆಗೆ ಬಂದಿದ್ದೇನೆ.

ಸ್ಕೋರು ಬರೆಯುವ ಚೀಟಿ ಮಗುಚಿ,
(ಪೆನ್ನು ಹೆಪ್ಪುಗಟ್ಟುತ್ತದೆ, ಅದಕ್ಕೇ ಪೆನ್ಸಿಲ್ಲು)
ಹಿಮದಲ್ಲಿದ್ದ ನನ್ನ ಹತ್ತು ಅಂಕಿಗಳನ್ನು
ನೋಡಿ ನೋಡಿ ಬಿಡಿಸಿಕೊಂಡ,
ಗೊತ್ತಿದ್ದ ಸೊನ್ನೆಯಿಂದ ಶುರುಮಾಡಿ, ಹಿಂದುಮುಂದಾಗಿ.
ಎಂಟು ತಲೆಕೆಳಗಾಗಿತ್ತು.
ಗ್ಲೌಸಿನ ಮೇಲೇ ಕೈಹಿಡಿದು ತಿದ್ದಿಸಿದೆ.