ಗ್ಲೌಸಪ್ಪ

ಹುಬ್ಬಳ್ಳಿ ಗುಜರಿಯಲ್ಲಿ ತೂಕಕ್ಕೆ ಕೊಂಡದ್ದು, ಒಂದೇ ರೀಲು.
ಡಬ್ಬಿಯ ಮೇಲಿನ ಹೆಸರು ಫ್ರೆಂಚಂತೆ,
ಅರ್ಧ ತುಕ್ಕು ತಿಂದಿತ್ತು, ಇನ್ನರ್ಧ ನಮ್ಮ ನಾಲಿಗೆಗೆ ಬರಲಿಲ್ಲ.
ಕೈಗೆ ಬಿಳಿ ಗ್ಲೌಸು, ತಲೆಗೆ ಎತ್ತರದ ಟೋಪಿ;
ದಾವಣಗೆರೆ ಅವನನ್ನು ಗ್ಲೌಸಪ್ಪ ಎಂದಿತು.

ಸೆಕೆಂಡ್ ಶೋ ಇಂಟರ್‌ವಲ್ಲಿನಲ್ಲಿ
ಮಂಡಕ್ಕಿ ಪೊಟ್ಟಣ ಬಿಚ್ಚುವ ಸದ್ದಿನ ಮೇಲೆ
ಆಪರೇಟರ್ ಖಾದರಲಿಂಗ ಅದನ್ನು ಬಿಡುತ್ತಿದ್ದ.
ಗ್ಲೌಸಪ್ಪ ಹೆಣ್ಣು ನೋಡಲು ಬರುತ್ತಾನೆ,
ಹೂಗುಚ್ಛ ಮಾವನ ಮೂಗಿಗೆ, ಕಾಲು ಬೆಕ್ಕಿನ ಹಾಲಿಗೆ,
ಮೆಟ್ಟಿಲು ಮೆಟ್ಟಿಲಿಗೂ ಕ್ಷಮೆ ಕೇಳುತ್ತ ಉರುಳುತ್ತಾನೆ.
ಮಿಲ್ಲಿನ ಶಿಫ್ಟು ಮುಗಿಸಿ ಬಂದವರು
ತಲೆಯ ಅರಳೆ ಉದುರುವಂತೆ ನಗುತ್ತಾರೆ.
ಕೊನೆಗೆ ಮಹಡಿ ಕಿಟಕಿಯಿಂದ ಜಿಗಿಯುತ್ತಾನೆ,
ಅಲ್ಲಿಗೆ ರೀಲು ಸುಟ್ಟಿದೆ. ಬರೀ ಬಿಳಿ ಪರದೆ.
ಗ್ಲೌಸಪ್ಪ ಒಂದು ದಿನವೂ ನೆಲ ಮುಟ್ಟಲಿಲ್ಲ.

ಕ್ಯಾಬಿನ್ನಿನ ಕಾವಿನಲ್ಲಿ ಕಾರ್ಬನ್ ಕಡ್ಡಿ ಸರಿಸುತ್ತ
ಖಾದರಲಿಂಗ ನನಗೆ ಅವನ ಚರಿತ್ರೆ ಹೇಳುತ್ತಿದ್ದ:
ದ್ರಾಕ್ಷಿ ತೋಟದವನ ಮಗ. ಅಪ್ಪನ ಕುರ್ಚಿಯಿಂದ ಬಿದ್ದು ಕಲಿತದ್ದು.
ಕಥೆ ಅವನದೇ, ಕ್ಯಾಮೆರಾ ಇಡುವ ಜಾಗ ಅವನದೇ,
ಬೀಳುವ ಬೆನ್ನೂ ಅವನದೇ.
"ಬೆನ್ನು ಬಾಡಿಗೆಗೆ ತರಲಿಲ್ಲ ಕಣೋ ತಿಪ್ಪೇಶಿ."
ಮಾತಿನ ಸಿನಿಮಾ ಬಂದಾಗ ಮೈಕಿನ ಮುಂದೆ ನಿಂತು ಏನಂದ?
"ಕೆಮ್ಮಿದ."
ಮರುದಿನ ಕಥೆ ಬೇರೆ: ಎರಡು ಹೆಂಡತಿ, ಅಥವಾ ಒಂದೂ ಇಲ್ಲ;
ಸತ್ತದ್ದು ಸಾಲದಲ್ಲಿ; ಅಲ್ಲಲ್ಲ, ಸರ್ಕಸ್ಸಿನಲ್ಲಿ ಕುದುರೆ ತೊಳೆಯುತ್ತ.
ನಿಂಗೆ ಹೆಂಗ್ ಗೊತ್ತು ಅಂದರೆ,
"ಮುನ್ನೂರು ಸಲ ನೋಡೀನಲ್ಲ ಅವನ ಬೆನ್ನು."

ಒಂದು ರಾತ್ರಿ ಹೊರಗಿನ ಕಬ್ಬಿಣದ ಮೆಟ್ಟಿಲಲ್ಲಿ
ಡಬ್ಬಿಗಳನ್ನು ಎದೆಗವಚಿಕೊಂಡು ಇಳಿಯುತ್ತ ಖಾದರಲಿಂಗ ಜಾರಿದ.
ಹದಿನಾಲ್ಕು ಮೆಟ್ಟಿಲು. ಡಬ್ಬಿಗಳೇ ಮೊದಲು ಬಂದವು,
ಒಂದು ಉರುಳುರುಳಿ ರಸ್ತೆ ದಾಟಿ
ಬೆಣ್ಣೆ ದೋಸೆಯ ಒಲೆ ಪಕ್ಕ ಮಲಗಿತು.
ಬೀಡಿ ಸೇದುತ್ತಿದ್ದವರು ಚಪ್ಪಾಳೆ ತಟ್ಟಿದರು:
"ಲೇ, ಗ್ಲೌಸಪ್ಪ ಬಿದ್ನಪ್ಪಾ ಕೊನೆಗೂ!"
ನಾನೂ ನಕ್ಕೆ. ಅದನ್ನು ಇಲ್ಲಿ ಬರೆಯಬೇಕು.
ಅವನು ಕೂತಲ್ಲೇ, ಇಲ್ಲದ ಟೋಪಿ ಎತ್ತಿ
ಮೂರು ದಿಕ್ಕಿಗೆ ಬಾಗಿದ.
ಸೊಂಟ ಮುರಿದದ್ದು ತಿಳಿದಾಗ
ನಗು ಇನ್ನೂ ಬಾಯಲ್ಲೇ ಇತ್ತು.

ಕ್ಯಾಬಿನ್ನು ಈಗ ನನ್ನದು.
ರೀಲು ಹಿಂದಕ್ಕೆ ಸುತ್ತುವುದು ಮೊದಲಿಂದಲೂ ನನ್ನ ಕೆಲಸ.
ಬಲ್ಬಿಗೆ ಹಿಡಿದು ಕೈಯಲ್ಲೇ ತಿರುಗಿಸಿದರೆ
ಗ್ಲೌಸಪ್ಪ ಗಾಳಿಯಿಂದ ಕಿಟಕಿಗೆ ಹಿಮ್ಮರಳಿ,
ಬಿದ್ದ ಮೆಟ್ಟಿಲನ್ನೆಲ್ಲ ಬೆನ್ನಿನಲ್ಲೇ ಹತ್ತಿ,
ಬೆಕ್ಕಿಗೆ ಹಾಲು ಮರಳಿಸಿ,
ಹೂಗುಚ್ಛ ಹಿಡಿದು ಬಾಗಿಲ ಮುಂದೆ ನಿಲ್ಲುತ್ತಾನೆ.
ಅಲ್ಲಿ ನನ್ನ ಕೈ ತಡೆಯುತ್ತದೆ.

ಕೆಳಗೆ ಗಾಂಧಿ ಕ್ಲಾಸಿನ ಬೆಂಚಿಗೆ
ಊರುಗೋಲು ಎರಡು ಸಲ ಬಡಿದ ಸದ್ದು:
"ಆಯ್ತೇನೋ? ಬಿಡು ಮತ್ತೆ."