ಷರಾ

ಫಿಸಿಕ್ಸ್ ಲ್ಯಾಬಿನ ತಕ್ಕಡಿಗೆ ಗಾಜಿನ ಮನೆ.
ನಾಲ್ಕೂವರೆಗೆ ಹುಡುಗಿಯರು ಬಸ್ಸಿಗೆ ಓಡಿದ ಮೇಲೆ
ಕಿಟಕಿಯಿಂದ ಸಕ್ಕರೆ ಕಾರ್ಖಾನೆಯ ಮಡ್ಡಿ ವಾಸನೆ ಬರುವ ಹೊತ್ತು,
ಗಾಜಿನ ಬಾಗಿಲು ಸರಿಸಿ ಒಂದೊಂದಾಗಿ ಮಲಗಿಸುತ್ತೇನೆ
ನನ್ನ ಚಾಕುಗಳನ್ನು.
ಉಸಿರು ಬಿಗಿಹಿಡಿದು; ಅಲ್ಲಿ ಉಸಿರಿಗೂ ತೂಕವಿದೆ.

ಕೆಂಪು ಹಿಡಿಯದು: ಐವತ್ತೆಂಟು ಗ್ರಾಂ, ಮೇಲೊಂದಿಷ್ಟು.
ಅಲಗಿನ ದಪ್ಪ, ವರ್ನಿಯರ್ ಹೇಳಿದಂತೆ, ಎರಡು ಪಾಯಿಂಟ್ ಎರಡು.
ಜೇಬಿನಲ್ಲಿದ್ದದ್ದೇ ಮರೆತುಹೋಗುತ್ತದೆ, ಅದು ಗುಣ.
ಕತ್ತರಿಯ ಸ್ಪ್ರಿಂಗು ಆರು ತಿಂಗಳಿಗೆ ಸೋತಿತು, ಅದು ದೋಷ.
ಹಳೆಯ ಲಾಗ್‌ಬುಕ್ಕಿನ ಹಿಂಬದಿ, ನಾನೇ ಗೀಟೆಳೆದ ಐದು ಕಾಲಂ,
ಕೊನೆಯದು ಷರಾ.

ಜೇಬು ಅಂದೆ. ಅದೇ ಒಂದು ಕತೆ.
ಗುತ್ತಲು ರಸ್ತೆಯ ಟೈಲರ್ ಮೆಹರುನ್ನೀಸಾ
ಕೊರಳಿನ ಟೇಪು ಕುಣಿಯುವಷ್ಟು ನಕ್ಕಳು:
"ಚೂಡಿದಾರಕ್ಕೆ ಜೇಬಾ? ಏನಿಡ್ತೀರಿ ಅದರಾಗೆ, ಗಂಡನ್ನಾ?"
"ಇಕ್ಕಳ" ಅಂದೆ.
ಮಿಷನ್ನು ನಿಂತಿತು.
ಆಮೇಲೆ ಕ್ಯಾನ್ವಾಸ್ ಅಸ್ತರು ಕೊಟ್ಟು ಎರಡು ಸುತ್ತು ಹೊಲಿದಳು.
ದುಡ್ಡು ಮುಟ್ಟಲಿಲ್ಲ. ಷಟರಿನ ಕೊಂಡಿ ಬಿಗಿಸಿಕೊಟ್ಟು ಬಂದೆ.

ಹೊಸ ಹುಚ್ಚೇನಲ್ಲ ಇದು. ಅಜ್ಜಿ ಪುಟ್ಟನಂಜಮ್ಮನ ಸೊಂಟದಲ್ಲಿ
ಎಲೆಯಡಿಕೆ ಸಂಚಿ, ಈರುಳ್ಳಿಯ ಹಾಗೆ ಪದರ ಪದರ;
ಅದರ ದಾರದ ತುದಿಯ ಹಿತ್ತಾಳೆ ಬಳೆಯಲ್ಲಿ ಪೋಣಿಸಿದ
ಚಿಮಟ, ಗುಗ್ಗೆಕಡ್ಡಿ, ಮುಳ್ಳು ಕೀಳುವ ಸೂಜಿ,
ಉಗುರಿನಷ್ಟು ಚಾಕು.
ಊರಿನ ಅರ್ಧ ಅಂಗಾಲು ಆ ಗೊಂಚಲಿಗೆ ಗೊತ್ತಿತ್ತು.
ಯಾರೂ ಅದಕ್ಕೆ ಅಂಕ ಕೊಟ್ಟಿರಲಿಲ್ಲ. ನಾನು ಕೊಟ್ಟೆ: ಹತ್ತಕ್ಕೆ ಒಂಬತ್ತು.
ಒಂದು ಕಳೆದೆ, ತುಕ್ಕಿಗೆ.

ಕಾಗದ ಸೀಳಿ ಮೆರೆಯುವ ಪರೀಕ್ಷೆ ನನ್ನದಲ್ಲ.
ಅಚ್ಚುಬೆಲ್ಲದ ಮೂಲೆ ಒಡೆಯದೆ ಹೆರೆಯಬೇಕು.
ಕಬ್ಬಿನ ಗಿಣ್ಣಿಗೆ ಬಾಯಿ ಮುರಿಯಬಾರದು.
ಹುಳಿಮಾವು ಕೊಯ್ದು, ಒರೆಸದೆ ರಾತ್ರಿ ಬಿಟ್ಟು,
ಬೆಳಗ್ಗೆ ಅಲಗಿನ ಮೇಲೆ ಮೋಡ ಎದ್ದಿದೆಯೋ ನೋಡಬೇಕು.
ಮತ್ತೆ, ಒಂದೇ ಕೈಗೆ ಬಿಚ್ಚಿಕೊಳ್ಳಬೇಕು.
ಇನ್ನೊಂದು ಕೈಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ.

ತಂಗಿಯ ಡೈವೋರ್ಸಿನ ದಿನ ಮೈಸೂರಿನ ಕೋರ್ಟಿನ ಗೇಟಿನಲ್ಲಿ
ಹನ್ನೊಂದು ಕೆಲಸದ ಇಕ್ಕಳವನ್ನು ಪೇದೆ ತೆಗೆದಿಟ್ಟುಕೊಂಡ.
ನಾವು ಹೊರಗೆ ಬಂದಾಗ ಅದರದೇ ತಿರುಪುಳಿಯಲ್ಲಿ
ತನ್ನ ಕನ್ನಡಕದ ಕಾಲು ಬಿಗಿಸುತ್ತಿದ್ದ.
"ಚೆನ್ನಾಗೈತೆ ಕಣಮ್ಮ" ಅಂದ.
ಆ ದಿನ ತಂಗಿ ನಕ್ಕದ್ದು ಅದೊಂದೇ ಸಲ.

ಎಲ್ಲಕ್ಕಿಂತ ಕೆಟ್ಟದ್ದು ಹಸಿರು ಹಿಡಿಯದು.
ಸಂತೆಯಲ್ಲಿ ನೂರಿಪ್ಪತ್ತು ರೂಪಾಯಿ.
ಲಾಕ್ ಇಲ್ಲ, ಹಿಡಿ ಗಲಗಲ, ಸಾಣೆ ಎರಡು ದಿನ ನಿಲ್ಲದು.
ಹತ್ತಕ್ಕೆ ಮೂರು, ಅದೂ ಬಣ್ಣಕ್ಕೆ.
ಆ ಮಂಗಳವಾರ ಮಿಕ್ಕವೆಲ್ಲ ಎಣ್ಣೆ ಹಚ್ಚಿಸಿಕೊಂಡು
ಪೇಪರಿನ ಮೇಲೆ ಒಣಗುತ್ತಿದ್ದವು. ಇದನ್ನೇ ಹಾಕಿಕೊಂಡು ಹೊರಟೆ.

ಹೊಳಲು ಸರ್ಕಲ್ಲಿನಲ್ಲಿ ಜನ ಮುತ್ತಿದ್ದರು.
ಸ್ಕೂಟಿಯ ಹಿಂದಿನ ಚಕ್ರ ಮೋನಿಷಾಳ ವೇಲನ್ನು
ನುಂಗುತ್ತ ನುಂಗುತ್ತ ಕೊರಳವರೆಗೆ ಬಂದಿತ್ತು.
ಯಾರೋ ಕತ್ತರಿ ಕತ್ತರಿ ಅಂತ ಕೂಗುತ್ತಿದ್ದರು.
ಹಸಿರು ಹಿಡಿ ಬಿಚ್ಚಿತು, ಹೇಗೋ.
ಕೊಯ್ಯಲಿಲ್ಲ ಅದು, ಅಗಿಯಿತು.
ಏಳನೆಯ ಎಳೆತಕ್ಕೆ ನೂಲು ಬಿಟ್ಟುಕೊಟ್ಟಿತು.
ಹುಡುಗಿ ಕೆಮ್ಮಿ, ಎದ್ದು ಕೂತು, ಮೊದಲು ಅಂದದ್ದು:
"ಅಯ್ಯೋ, ನಮ್ಮಕ್ಕನ ವೇಲು ಮಿಸ್."

ರಾತ್ರಿ ಪುಸ್ತಕ ತೆಗೆದೆ. ಅಂಕ ತಿದ್ದಲಿಲ್ಲ,
ಮೂರು ಮೂರೇ.
ಷರಾದಲ್ಲಿ ಬರೆದೆ: ಜೇಬಿನಲ್ಲಿತ್ತು.

ಪರೀಕ್ಷೆ ಮುಗಿದು ಟಿಸಿಗೆ ಬಂದವಳು
ಲ್ಯಾಬಿನ ಬಾಗಿಲಲ್ಲಿ ನಿಂತು "ನಂಗೂ ಒಂದು" ಅಂದಳು.
ಚಾಕು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ;
ಕೆಂಪು ಹಿಡಿಯದನ್ನು ತಕ್ಕಡಿಯ ಪಕ್ಕ ಇಟ್ಟು ಹಿಂದೆ ಸರಿದೆ.
ಎತ್ತಿಕೊಂಡಳು. ಬಿಚ್ಚಿದಳು, ಮಡಚಿದಳು.
ಆ ಕಡೆ ಈ ಕಡೆ ಸೊಂಟ ಸವರಿಕೊಂಡಳು.
"ಎಲ್ಲಿ ಇಟ್ಕೊಳ್ಲಿ ಮಿಸ್ ಇದನ್ನ?"

ಗುತ್ತಲು ರಸ್ತೆಗೆ ದಾರಿ ಹೇಳಿದೆ.